ಮಳೆಗೋಲನ್ನು ನನ್ನೊಂದಿಗೆ ಹೊತ್ತವರಿಗೆ

ನಿನ್ನೆ ಸಂಜೆ ಮುದ್ರಣಾಲಯದಿಂದ ಪುಸ್ತಕದ ಮೊದಲ ಕಟ್ಟು ಮನೆಗೆ ಬಂತು. ನಾಲ್ಕು ವರ್ಷ ಬರೆದ ಕಾದಂಬರಿ. ಅದರೊಳಗಿನ ಊರು, ಜನ, ದೇವರು ಯಾವುದೂ ಭೂಮಿಯ ಮೇಲಿಲ್ಲ. ಎಲ್ಲವೂ ನನ್ನ ಕಲ್ಪನೆ. ಆದರೆ ಅಲ್ಲಿನ ಹಬ್ಬದ ನಡುವೆ ಎದ್ದು ನಿಲ್ಲುವ ಮಳೆಗೋಲು ನನ್ನೊಬ್ಬಳದಲ್ಲ. ಅದನ್ನು ನನ್ನೊಂದಿಗೆ ಹೊತ್ತವರ ಋಣವನ್ನು ಎಲ್ಲರೆದುರು ಹೇಳಿಕೊಳ್ಳಬೇಕು.

ಕಾದಂಬರಿಯಲ್ಲಿ ನೀರ್ಗಾವಲಿನವರು ಎಂಬ ಜನ ಒಂದು ಹೊಳೆಯ ದಂಡೆಯಲ್ಲಿ ಬಾಳುತ್ತಾರೆ. ಮುಂಗಾರಿನ ಹೊಸ ನೀರು ಬಂದ ದಿನ ಉದ್ದನೆಯ ಬಿದಿರಿನ ಕೋಲನ್ನು ಹೊತ್ತು ಹೊಳೆಗಿಳಿಯುತ್ತಾರೆ. ಊರಿನ ಪ್ರತಿ ಮನೆಯ ಹೆಸರಿನಲ್ಲೂ ಅದಕ್ಕೊಂದು ಗಂಟೆ ಕಟ್ಟಿರುತ್ತದೆ. ಅದೇ ಮಳೆಗೋಲು.

ಮೊದಲ ಕರಡಿನಲ್ಲಿ ಅದು ಹೀಗಿರಲಿಲ್ಲ. ಇಡೀ ಕೋಲು ಚಿನ್ನದ್ದಾಗಿತ್ತು, ತುದಿಯಲ್ಲಿ ನೀಲಮಣಿ ಹೊಳೆಯುತ್ತಿತ್ತು. ಆ ಪುಟಗಳನ್ನು ಮೈಸೂರಿನಲ್ಲಿ ಗೆಳತಿಯ ತಂದೆಗೆ ಓದಿ ಹೇಳಿದೆ. ಅವರು ಮೂವತ್ತು ವರ್ಷಕ್ಕೂ ಮಿಕ್ಕಿ ನಂದಿಕೋಲು ಹೊತ್ತವರು. ಮೆರವಣಿಗೆಯಲ್ಲಿ ಸೊಂಟದ ಪಟ್ಟಿಗೆ ಊರಿ ಹೊರುವ ಎತ್ತರದ ಸಿಂಗಾರದ ಗಳು ಅದು, ನಂದಿಧ್ವಜವೆಂದೂ ಕರೆಯುತ್ತಾರೆ. ಪೂರ್ತಿ ಕೇಳಿಸಿಕೊಂಡು, "ಇದನ್ನು ಹೊರುವವರು ಯಾರಮ್ಮ? ಉಂಡು ಹೊರುತ್ತಾರೋ, ಉಪವಾಸವಿದ್ದೋ? ಗಾಳಿ ಬೀಸಿದರೆ ಯಾರು ಓಡಿ ಬರುತ್ತಾರೆ?" ಎಂದು ಕೇಳಿದರು. ನನ್ನಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಹಿತ್ತಿಲಿಗೆ ಕರೆದೊಯ್ದು, ಗಂಟೆಯಿಲ್ಲದ, ಸಿಂಗಾರವಿಲ್ಲದ ಬರಿಯ ಗಳುವನ್ನು ನನ್ನ ಸೊಂಟದ ಪಟ್ಟಿಗೆ ಊರಿಸಿ ಕೈಬಿಟ್ಟರು. ಹತ್ತು ಎಣಿಸುವಷ್ಟರಲ್ಲಿ ಅದು ನನ್ನನ್ನೇ ಗೋಡೆಯ ಕಡೆಗೆ ಎಳೆದುಕೊಂಡು ಹೋಯಿತು.

ಮಾವ, ಕಾದಂಬರಿ ಹುಟ್ಟಿದ್ದು ಆ ಗೋಡೆಯ ಪಕ್ಕದಲ್ಲಿ. ವಿಜಯದಶಮಿಯ ದಿನ ಅರಮನೆಯ ಬಲರಾಮ ದ್ವಾರದಲ್ಲಿ ನಂದಿಧ್ವಜಕ್ಕೆ ಪೂಜೆಯಾದ ಮೇಲೆಯೇ ಜಂಬೂ ಸವಾರಿ ಹೊರಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹಿತ್ತಾಳೆಯ ಹೊಳಪನ್ನು ನೋಡಿದ್ದೆ, ಗೆಜ್ಜೆಯ ಸದ್ದು ಕೇಳಿದ್ದೆ. ಹೊತ್ತವರ ಕಣ್ಣು ತುದಿಯನ್ನು ಬಿಟ್ಟು ಕದಲುವುದಿಲ್ಲ ಎಂಬುದನ್ನು ಮಾತ್ರ ಗಮನಿಸಿರಲಿಲ್ಲ. ದಸರಾ ಆನೆಗಳ ತಾಲೀಮಿಗೆ ನನ್ನನ್ನು ಕರೆದೊಯ್ದವರೂ ನೀವೇ. ಸುಮಾರು 750 ಕೆ.ಜಿ. ತೂಕದ ಚಿನ್ನದ ಅಂಬಾರಿ ಬೆನ್ನಿಗೇರುವ ಮೊದಲು ಆನೆ ವಾರಗಟ್ಟಲೆ ಮರಳಿನ ಮೂಟೆ ಹೊರುತ್ತದೆ, ಆಮೇಲೆ ಮರದ ಅಂಬಾರಿ. ಆ ಮರದ ಅಂಬಾರಿಗೆ ಯಾರೂ ಹೂವೆರಚುವುದಿಲ್ಲ. ಅದನ್ನು ನೋಡಿಬಂದ ರಾತ್ರಿಯೇ ನನ್ನ ಕಥೆಗೆ ತಾಲೀಮಿನ ಕೋಲೊಂದು ಬಂತು, ಅದನ್ನಷ್ಟೇ ಹೊರಲು ಅಪ್ಪಣೆಯಿರುವ ಹುಡುಗಿಯೊಬ್ಬಳು ಬಂದಳು. ಅವಳೇ ನಾಯಕಿಯಾದಳು.

ಸಂಕ್ರಾಂತಿಯ ದಿನಗಳಲ್ಲಿ ಸೊಲ್ಲಾಪುರದಲ್ಲಿ ನನಗೆ ಮನೆಯಲ್ಲೇ ಜಾಗ ಕೊಟ್ಟ ಕುಟುಂಬಕ್ಕೆ ಏನು ಹೇಳಲಿ? ಸೊನ್ನಲಿಗೆಯ, ಅಂದರೆ ಅದೇ ಸೊಲ್ಲಾಪುರದ, ಶರಣ ಸಿದ್ಧರಾಮನ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಒಂದರ ಹಿಂದೊಂದು ಹೊರಡುತ್ತವೆ. ತನ್ನನ್ನು ವರಿಸಲು ಬಯಸಿದ ಕುಂಬಾರ ಕನ್ಯೆಗೆ ಸಿದ್ಧರಾಮ ತನ್ನ ಯೋಗದಂಡವನ್ನು ಮದುವೆಯಾಗಲು ಅನುಮತಿ ಕೊಟ್ಟನೆಂಬುದು ಅಲ್ಲಿಯ ಕಥೆ. ಇಂದಿಗೂ ಅಕ್ಷತೆ ಹಾಕಿ ಆ ಮದುವೆ ನಡೆಯುತ್ತದೆ. ಆ ಮನೆಯ ಅಜ್ಜಿ ನನ್ನ ಮುಷ್ಟಿಗೂ ಅಕ್ಷತೆ ತುಂಬಿ, "ನೀನೂ ಹಾಕು, ಮದುವೆ ಮನೆಗೆ ಬಂದಿದ್ದೀ" ಎಂದರು. ಕೋಲು ಒಬ್ಬ ಮನುಷ್ಯನ ಜಾಗದಲ್ಲಿ ನಿಲ್ಲಬಲ್ಲದು ಎಂದು ನಂಬಲು ನನಗೆ ಅಷ್ಟು ಸಾಕಾಯಿತು.

ಆಮೇಲೆ ಅಮ್ಮ ಹೋದರು. ಏಳು ತಿಂಗಳು ನಾನು ಒಂದು ಸಾಲನ್ನೂ ಬರೆಯಲಿಲ್ಲ.

ಅಕ್ಕ, ಇದನ್ನು ನೀನು ಇಲ್ಲಿಯೇ ಮೊದಲ ಸಲ ಓದುತ್ತಿದ್ದೀಯ. ಅಮ್ಮನ ಕಾಯಿಲೆಯ ಕೊನೆಯ ತಿಂಗಳುಗಳಲ್ಲಿ ರಾತ್ರಿಯ ಪಾಳಿಯನ್ನೆಲ್ಲ ನೀನೇ ತೆಗೆದುಕೊಂಡು, ಬರೆಯಲೆಂದು ನನ್ನನ್ನು ಮಹಡಿಗೆ ಕಳುಹಿಸುತ್ತಿದ್ದೆ. ನಾನು ಮಹಡಿಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದೆ. ನಿನಗದು ಗೊತ್ತಿತ್ತು, ಒಮ್ಮೆಯೂ ಕೇಳಲಿಲ್ಲ. ಹದಿಮೂರನೆಯ ದಿನ ಕಳೆದ ಮೇಲೆ ನೀನು ಅಮ್ಮನ ಸೊಂಟದಲ್ಲಿರುತ್ತಿದ್ದ ಬೀಗದ ಕೈ ಗೊಂಚಲನ್ನು ಅಡುಗೆಮನೆಯ ಮೊಳೆಗೆ ತೂಗುಹಾಕಿದೆ. ಹಾಕುವ ಮೊದಲು ಹಳೆಯ ಸೀರೆಯ ತುಂಡನ್ನು ಅದರ ಸುತ್ತ ಬಿಗಿದು ಕಟ್ಟಿದೆ, ಸದ್ದಾಗದಿರಲಿ ಎಂದು. ನಾನು ಬಾಗಿಲಲ್ಲಿ ನಿಂತಿದ್ದೆ. ನೀರ್ಗಾವಲಿನವರಲ್ಲಿ ಸಾವಾದ ಮನೆಯ ಗಂಟೆಯ ನಾಲಿಗೆಯನ್ನು ಒಂದು ವರ್ಷ ಬಿಚ್ಚಿಡುತ್ತಾರೆ. ಗಂಟೆ ಕೋಲಿನಲ್ಲೇ ಇರುತ್ತದೆ, ಎಲ್ಲರೊಂದಿಗೆ ಹೊಳೆಗೂ ಹೋಗುತ್ತದೆ, ದನಿ ಮಾತ್ರ ಇರುವುದಿಲ್ಲ. ಓದಿದವರೆಲ್ಲ ಈ ಕಟ್ಟಳೆಯನ್ನೇ ಮೊದಲು ಮೆಚ್ಚುತ್ತಾರೆ. ಅದು ನಿನ್ನ ಕೈಯಿಂದ ಬಂದದ್ದು.

ನಾಗಮಂಗಲದ ಎರಕದ ಕುಶಲಕರ್ಮಿಗೆ ನನ್ನ ನಮಸ್ಕಾರ. ಗಂಟೆಯ ನಾಲಿಗೆ ಕಳಚುವಂತಿರಬೇಕು ಎಂದಾಗ, ಒಳಗಿನ ಕೊಂಡಿ ಹೇಗಿರಬೇಕೆಂದು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸಿದರು. "ಹಿತ್ತಾಳೆ ಎಂದು ಬರೆದಿದ್ದೀರಿ. ಒಳ್ಳೆಯ ದನಿ ಬೇಕಾದರೆ ಕಂಚು" ಎಂದರು. ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ತವರ ಹೆಚ್ಚಿದಷ್ಟೂ ದನಿ ತುಂಬಿ ಬರುತ್ತದೆ, ಲೋಹ ಪೆಡಸಾಗುತ್ತದೆ, ಬಿದ್ದರೆ ಬಿರುಕು. ಎರಡನ್ನೂ ಬಾರಿಸಿ ಕೇಳಿಸಿದರು. ಹಸ್ತಪ್ರತಿಯಲ್ಲಿ ಹಿತ್ತಾಳೆಯನ್ನು ಅಳಿಸಿ ಕಂಚು ಎಂದು ತಿದ್ದಿದೆ. ಆ ಒಂದು ತಿದ್ದುಪಡಿಯಿಂದಲೇ ಕೋಲು ಬೀಳುವ ಅಧ್ಯಾಯ ಸಾಧ್ಯವಾಯಿತು: ಹಿತ್ತಾಳೆಯ ಗಂಟೆ ತಗ್ಗುತ್ತಿತ್ತು, ಕಂಚಿನದು ಸೀಳಿತು.

ನಾಲ್ಕನೆಯ ಅಧ್ಯಾಯದಲ್ಲಿ ಇಪ್ಪತ್ತೇಳಿದ್ದ ಗಂಟೆಗಳು ಹತ್ತೊಂಬತ್ತನೆಯದರಲ್ಲಿ ಮೂವತ್ತೊಂದಾಗಿದ್ದುದನ್ನು ಹಿಡಿದ ಕರಡು ತಿದ್ದುವ ಗೆಳೆಯನಿಗೆ, ಮುಖಪುಟದಲ್ಲಿ ಹೊಳಪಿನ ಕೋಲನ್ನು ಬಿಟ್ಟು ತಾಲೀಮಿನ ಕೋಲನ್ನು ಬರೆದ ಕಲಾವಿದೆಗೆ, ಎರಡು ಸಲ ಮುಗಿಯದೆ ಉಳಿದಾಗಲೂ ಕಾದ ಪ್ರಕಾಶಕರಿಗೆ ಧನ್ಯವಾದಗಳು.

ಮೊದಲ ಪ್ರತಿಯನ್ನು ಇಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಆ ಗೊಂಚಲಿನ ಕೆಳಗೆ ಇಟ್ಟೆ. ಅಕ್ಕ ಮೊಳೆಯಿಂದ ಗೊಂಚಲನ್ನು ಇಳಿಸಿ, ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಈಗ ಅವಳು ಒಳಗೆ ಓಡಾಡುತ್ತಿರುವುದು ನನಗೆ ಇಲ್ಲಿಗೆ ಕೇಳಿಸುತ್ತಿದೆ.