ಜೇಬಿಗೆ ಹೋದ ಕತ್ತರಿ

ಪ್ರೀತಿಯ ತಮ್ಮ,

ನಿನ್ನ ವಿಡಂಬನೆ ಲೇಖನ ಬಂತು. ಎರಡು ಸಲ ಓದಿದೆ. ಮೊದಲ ಸಲ ಕಾಫಿ ಕುಡಿಯುತ್ತಾ, ಎರಡನೇ ಸಲ ಪೆನ್ಸಿಲ್ ಹಿಡಿದು. ಪೆನ್ಸಿಲ್ ಹಿಡಿದಾಗಲೇ ತೊಂದರೆ ಶುರುವಾಗಿದ್ದು. ಮೊದಲ ಪುಟದಲ್ಲೇ ನಿನ್ನ ಸಚಿವರಿಗೆ ಹನ್ನೊಂದು ಬೈಗುಳ ಬಿದ್ದಿವೆ. ಭ್ರಷ್ಟ, ಲಜ್ಜೆಗೆಟ್ಟ, ಊಸರವಳ್ಳಿ, ಗೋಮುಖವ್ಯಾಘ್ರ. ಗೋಮುಖವ್ಯಾಘ್ರ ಎರಡು ಸಲ ಬಂದಿದೆ. ಅಷ್ಟೆಲ್ಲಾ ಓದಿದ ಮೇಲೂ ಆ ಮನುಷ್ಯ ಉದ್ದವೋ ಗಿಡ್ಡವೋ ನನಗೆ ಗೊತ್ತಾಗಲಿಲ್ಲ.

ಆದರೆ ಮೂರನೇ ಪುಟದಲ್ಲಿ ಒಂದು ಸಾಲಿದೆ. ರಸ್ತೆ ಉದ್ಘಾಟನೆಯಲ್ಲಿ ಟೇಪು ಕತ್ತರಿಸಿದ ಮೇಲೆ ಅವರು ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ಕಾರು ಹತ್ತಿದರು ಅಂತ. ನೀನು ಅದನ್ನು ಬರೆದು ಸುಮ್ನೆ ಮುಂದೆ ಹೋಗಿಬಿಟ್ಟಿದ್ದೀಯ. ನಾನು ಅಲ್ಲೇ ನಿಂತುಬಿಟ್ಟೆ. ಈ ಕಾಗದ ಬರೆಯುತ್ತಿರುವುದು ಆ ಕತ್ತರಿಗಾಗಿ.

ವಿಡಂಬನೆ ಬರೆಯುವವರು ಏನು ಓದಬೇಕು ಅಂತ ಕೇಳಿದ್ದೀಯ. ಓದುವುದು ಇರಲಿ, ಮೊದಲು ನೋಡು. 18ನೇ ಶತಮಾನದ ಲಂಡನ್ನಿನಲ್ಲಿ ಬಿಡಿ ಹಾಳೆಗಳಾಗಿ ಮಾರಾಟವಾಗುತ್ತಿದ್ದ ವ್ಯಂಗ್ಯಚಿತ್ರಗಳಿವೆ. ಬ್ರಿಟಿಷ್ ಮ್ಯೂಸಿಯಂನವರು ಸಾವಿರಾರು ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ, ದುಡ್ಡು ಕೊಡಬೇಕಿಲ್ಲ. ಜೇಮ್ಸ್ ಗಿಲ್‌ರೇ ಅನ್ನುವವನಿಂದ ಶುರು ಮಾಡು. 1792ರ ಜುಲೈನಲ್ಲಿ ಅವನು ಒಂದು ಜೋಡಿ ಚಿತ್ರ ತಂದ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಬೇಕು.

ಮೊದಲನೆಯದರಲ್ಲಿ ಯುವರಾಜ, ಪ್ರಿನ್ಸ್ ಆಫ್ ವೇಲ್ಸ್. ಊಟ ಮುಗಿಸಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ್ದಾನೆ. ಹೊಟ್ಟೆಯ ಒತ್ತಡಕ್ಕೆ ಒಳಂಗಿಯ ಗುಂಡಿಗಳು ನಿಲ್ಲುತ್ತಿಲ್ಲ. ಫೋರ್ಕಿನಲ್ಲಿ ಹಲ್ಲು ಕೆದಕಿಕೊಳ್ಳುತ್ತಿದ್ದಾನೆ. ಕುರ್ಚಿಯ ಕೆಳಗೆ ಖಾಲಿ ಬಾಟಲಿ, ನೆಲದ ಮೇಲೆ ದಾಳ. ಹಿಂದೆ ಉಚ್ಚೆ ಪಾತ್ರೆಯೊಂದಿದೆ. ಅದರಡಿಯಲ್ಲಿ ತೀರಿಸದ ಸಾಲದ ಬಿಲ್ಲುಗಳು, ಗಾಳಿಗೆ ಹಾರಿಹೋಗದ ಹಾಗೆ. ಆ ಬಿಲ್ಲುಗಳನ್ನು ಗಿಲ್‌ರೇ ಮೇಜಿನ ಮೇಲೂ ಇಡಬಹುದಿತ್ತು, ಅಲ್ವಾ? ಇಡಲಿಲ್ಲ. ಎಲ್ಲಿ ಇಟ್ಟ ನೋಡು.

ಎರಡನೆಯದರಲ್ಲಿ ಅಪ್ಪ, ಮೂರನೇ ಜಾರ್ಜ್. ಇಡೀ ಸಾಮ್ರಾಜ್ಯದ ಒಡೆಯ ಒಂದು ಬೇಯಿಸಿದ ಮೊಟ್ಟೆ ತಿನ್ನುತ್ತಿದ್ದಾನೆ. ಚಡ್ಡಿಗೆ ತೇಪೆ. ಎದೆಗೆ ಬೇರೆ ಬಟ್ಟೆ ಯಾಕೆ ಹಾಳು ಅಂತ ಮೇಜಿನ ಹಾಸನ್ನೇ ಎಳೆದು ಸಿಕ್ಕಿಸಿಕೊಂಡಿದ್ದಾನೆ. ಕುರ್ಚಿ ಮಾಸಬಾರದು ಅಂತ ಅದಕ್ಕೊಂದು ಗವಸು. ಎದುರಿಗೆ ರಾಣಿ ಸೊಪ್ಪನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಾಳೆ. ಅಗ್ಗಿಷ್ಟಿಕೆಯಲ್ಲಿ ಬೆಂಕಿಯೇ ಇಲ್ಲ, ಹೂವು ಜೋಡಿಸಿಟ್ಟಿದ್ದಾರೆ. ಸೌದೆ ಉಳೀತು.

ಎರಡೂ ಚಿತ್ರದಲ್ಲಿ ಬೈಗುಳ ಇಲ್ಲ. ಇರುವುದು ಎರಡು ಊಟ. ಮಗ ದುಂದು, ಅಪ್ಪ ಜಿಪುಣ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಮೊಟ್ಟೆ ತಿನ್ನುವುದು ತಪ್ಪೇನಲ್ಲ, ಆದರೂ ಆ ಚಿತ್ರ ನೋಡಿದವನಿಗೆ ಆಮೇಲೆ ರಾಜನನ್ನು ಕಂಡಾಗಲೆಲ್ಲ ಮೊಟ್ಟೆ ನೆನಪಾಗಿರಬೇಕು. ನಿನ್ನ ಕತ್ತರಿ ಈ ಜಾತಿಯದು.

ಗಿಲ್‌ರೇ ಇಷ್ಟು ಸೂಕ್ಷ್ಮವಾಗಿ ನೋಡಲು ಕಲಿತದ್ದು ಹೇಗೆ ಅಂತ ಯೋಚಿಸಿದ್ದೇನೆ. ಅಪ್ಪ ಸಿಪಾಯಿ, ಯುದ್ಧದಲ್ಲಿ ತೋಳು ಕಳೆದುಕೊಂಡವನು. ಮಗನನ್ನು ತಗಡಿನ ಮೇಲೆ ಅಕ್ಷರ ಕೊರೆಯುವವನ ಬಳಿ ಕೆಲಸ ಕಲಿಯಲು ಬಿಟ್ಟರು. ಬೇಸತ್ತು ಊರೂರು ತಿರುಗುವ ನಾಟಕದವರ ಜೊತೆ ಓಡಿಹೋದ. ವಾಪಸ್ ಬಂದು ರಾಯಲ್ ಅಕಾಡೆಮಿಯಲ್ಲಿ ಚಿತ್ರ ಕಲಿತ. ಕೊರೆಯುವ ಕೈ, ನಾಟಕದ ಕಣ್ಣು, ಎರಡೂ ಅವನಲ್ಲಿ ಕೊನೆತನಕ ಉಳಿದವು ಅಂತ ನನ್ನ ಲೆಕ್ಕ.

ಆ ಕೆಲಸವೂ ಸುಲಭದ್ದಲ್ಲ. ತಾಮ್ರದ ತಗಡಿಗೆ ಮೇಣದ ಲೇಪ ಕೊಡಬೇಕು. ಅದರ ಮೇಲೆ ಸೂಜಿಯಲ್ಲಿ ಗೀಚಬೇಕು. ಗೀಚಿದ ಕಡೆ ಮೇಣ ಹೋಗಿ ತಾಮ್ರ ಕಾಣುತ್ತದೆ. ಆಮೇಲೆ ಆಸಿಡ್ ಹಾಕಿದರೆ ಕಂಡಷ್ಟು ಜಾಗವನ್ನು ಅದು ತಿನ್ನುತ್ತದೆ. ಆ ಗೀರಿನಲ್ಲಿ ಶಾಯಿ ತುಂಬಿ, ಒದ್ದೆ ಕಾಗದ ಇಟ್ಟು ಒತ್ತಿದರೆ ಚಿತ್ರ ಕಾಗದಕ್ಕೆ ಇಳಿಯುತ್ತದೆ, ಆದರೆ ತಿರುಗಾ ಮುರುಗಾ. ಅದಕ್ಕೇ ತಗಡಿನ ಮೇಲೆ ಪ್ರತಿ ಅಕ್ಷರವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರೆಯಬೇಕು. ಗಿಲ್‌ರೇಯ ಚಿತ್ರಗಳಲ್ಲಿ ಬಾಯಿಂದ ಹೊರಡುವ ಮಾತುಗಳೇ ಸಾಲುಗಟ್ಟಲೆ ಇರುತ್ತವೆ. ನೀನು ಫೋನಿನಲ್ಲಿ ಬೆರಳಾಡಿಸಿ ‘ಗೋಮುಖವ್ಯಾಘ್ರ’ ಅಂತ ಹಾಕಿದೆ. ಅದನ್ನು ತಾಮ್ರದ ಮೇಲೆ ಹಿಂದುಮುಂದಾಗಿ ಕೊರೆಯಬೇಕಾಗಿದ್ದರೆ ಎರಡು ಸಲ ಬರೆಯುತ್ತಿದ್ದೆಯಾ, ನೀನೇ ಹೇಳು.

ಕೈಚಳಕ ಇದ್ದರಷ್ಟೇ ಆಗುತ್ತದೆ ಅಂತಲೂ ಅಂದುಕೊಳ್ಳಬೇಡ. ಜೇಮ್ಸ್ ಸೇಯರ್ಸ್ ಅಂತ ಒಬ್ಬನಿದ್ದ, ವಕೀಲಿ ಮಾಡಿಕೊಂಡಿದ್ದವನು. ಅವನ ಗೆರೆ ಒರಟು, ನನಗೆ ಅಷ್ಟೇನೂ ಇಷ್ಟವಿಲ್ಲ. ಆದರೆ 1783ರ ಡಿಸೆಂಬರ್ 5ರಂದು ಅವನ ಒಂದು ಚಿತ್ರ ಬಂತು. ಆಗ ಮಂತ್ರಿಯಾಗಿದ್ದ ಚಾರ್ಲ್ಸ್ ಫಾಕ್ಸ್ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವನ್ನು ಏಳು ಜನ ಕಮಿಷನರುಗಳ ಕೈಗೆ ಕೊಡುವ ಮಸೂದೆ ತಂದಿದ್ದ. ಆ ಏಳೂ ಜನ ಅವನ ಕಡೆಯವರೇ, ಇಂಡಿಯಾದ ದುಡ್ಡೆಲ್ಲಾ ಇವನ ಕೈಸೇರುತ್ತದೆ ಅಂತ ವಿರೋಧಿಗಳ ಕೂಗು. ಸೇಯರ್ಸ್ ಫಾಕ್ಸನಿಗೆ ಮೊಗಲರ ವೇಷ ಹಾಕಿ ಆನೆ ಮೇಲೆ ಕೂರಿಸಿದ. ಆನೆಗೆ ಮುಖ ಲಾರ್ಡ್ ನಾರ್ತ್‌ನದು, ಅಂದರೆ ಹಿಂದೆ ಫಾಕ್ಸನ ಬದ್ಧವೈರಿ, ಈಗ ಅವನ ಜೊತೆಗಾರ. ಮುಂದೆ ಫಾಕ್ಸನ ಪಕ್ಷದವನೇ ಆದ ಎಡ್ಮಂಡ್ ಬರ್ಕ್ ತುತ್ತೂರಿ ಊದುತ್ತಾ ಬರುತ್ತಿದ್ದಾನೆ. ಮೆರವಣಿಗೆ ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿ, ಕಂಪನಿ ಕಚೇರಿಯ ಮುಂದೆ. ಫಾಕ್ಸನಿಗೆ ಅವನಿಟ್ಟ ಹೆಸರು ‘ಕಾರ್ಲೋ ಖಾನ್’.

ಅಷ್ಟೇ. ಒಂದು ಆನೆ, ಒಂದು ಹೆಸರು. ಎರಡೇ ವಾರದಲ್ಲಿ ಮಸೂದೆ ಮೇಲ್ಮನೆಯಲ್ಲಿ ಬಿತ್ತು, ಸರ್ಕಾರವನ್ನು ರಾಜ ಮನೆಗೆ ಕಳಿಸಿದ. ಚಿತ್ರದಿಂದಲೇ ಬಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ; ಮೇಲ್ಮನೆಯವರಿಗೆ ರಾಜನೇ ಹೇಳಿ ಕಳಿಸಿದ್ದ. ಆದರೆ ಪಾರ್ಲಿಮೆಂಟಿನ ಭಾಷಣಗಳಿಗಿಂತ ಸೇಯರ್ಸನ ಚಿತ್ರಗಳಿಂದಲೇ ತನಗೆ ಜಾಸ್ತಿ ಪೆಟ್ಟಾಯಿತು ಅಂತ ಫಾಕ್ಸ್ ಹೇಳಿಕೊಂಡನಂತೆ. ಆಮೇಲೆ ಪ್ರಧಾನಿಯಾದ ಪಿಟ್ ಈ ಸೇಯರ್ಸನಿಗೆ ಒಂದು ಸರ್ಕಾರಿ ಹುದ್ದೆ ಕೊಡಿಸಿದ. ಇದನ್ನೂ ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

‘ಹೀಗೆಲ್ಲಾ ಬರೆದರೆ ಕೇಸ್ ಹಾಕಲ್ವಾ ಸರ್?’ ಅಂತ ಕಾಗದದ ಕೊನೆಯಲ್ಲಿ ಕೇಳಿದ್ದೀಯ. ಇವತ್ತಿನ ಮಾತನ್ನು ವಕೀಲರ ಹತ್ತಿರ ಕೇಳು. ಆ ಕಾಲದ ಲಂಡನ್ನಿನ ಕಥೆ ಮಜವಾಗಿದೆ. ಅಲ್ಲಿ 1737ರಿಂದ ನಾಟಕಕ್ಕೆ ಮೊದಲೇ ಅನುಮತಿ ಬೇಕಿತ್ತು, ಅಚ್ಚಿಗೆ ಬೇಕಿರಲಿಲ್ಲ. ಅಚ್ಚಾದ ಮೇಲೆ ಮಾನಹಾನಿ ಅಂತ ಕೋರ್ಟಿಗೆ ಹೋಗಬಹುದಿತ್ತು. ಹೋದರೆ ಏನಾಗುತ್ತದೆ? ಚಿತ್ರದಲ್ಲಿ ಹೆಸರಿಲ್ಲ. ಬರೀ ಒಂದು ಡೊಳ್ಳು ಹೊಟ್ಟೆ, ದಪ್ಪ ಹುಬ್ಬು, ಬೋಳಿಸದ ಗಡ್ಡ. ‘ಸ್ವಾಮಿ, ಈ ಡೊಳ್ಳು ಹೊಟ್ಟೆ ನನ್ನದೇ’ ಅಂತ ನ್ಯಾಯಾಧೀಶರ ಮುಂದೆ ಒಪ್ಪಿಕೊಳ್ಳಬೇಕು. ಆ ನಗೆಪಾಟಲು ಯಾರಿಗೆ ಬೇಕು? ಹೆಚ್ಚಿನವರು ನುಂಗಿಕೊಂಡು ಸುಮ್ಮನಾದರು. ನೀನಾದರೋ ಹೆಸರು, ಖಾತೆ, ಕ್ಷೇತ್ರ ಎಲ್ಲಾ ಬರೆದು ಕೊನೆಯಲ್ಲಿ ‘ಯಾರನ್ನೂ ಉದ್ದೇಶಿಸಿದ್ದಲ್ಲ’ ಅಂದಿದ್ದೀಯ.

ಇಲ್ಲಿಯವರೆಗೆ ಚೆನ್ನಾಗಿತ್ತು. ಇನ್ನು ಸ್ವಲ್ಪ ಕಹಿ.

ವಿಡಂಬನೆ ಅಂದರೆ ಬಡವನ ಅಸ್ತ್ರ, ದೊಡ್ಡವರು ಅದಕ್ಕೆ ನಡುಗುತ್ತಾರೆ ಅಂತ ಬರೆದಿದ್ದೀಯ. ಈ ಚಿತ್ರಗಳನ್ನು ಕೊಂಡವರು ಯಾರು ಅಂತ ನೋಡು. ಬಣ್ಣ ಹಾಕದ ಸಾಧಾರಣ ಹಾಳೆಗೆ 6 ಪೆನ್ಸ್, ಕೈಯಲ್ಲಿ ಬಣ್ಣ ಹಚ್ಚಿದ್ದಕ್ಕೆ 1 ಶಿಲಿಂಗ್, ಅಂದರೆ ಅದರ ಎರಡರಷ್ಟು. ದೊಡ್ಡ ಚಿತ್ರಕ್ಕೆ ಇನ್ನೂ ಜಾಸ್ತಿ. ಕೂಲಿಯವನು ದಿನದ ಸಂಬಳದ ದೊಡ್ಡ ಪಾಲನ್ನು ಒಂದು ಹಾಳೆಗೆ ಸುರಿಯುತ್ತಾನಾ? ಅವನು ಅಂಗಡಿಯ ಕಿಟಕಿ ಮುಂದೆ ನಿಂತು ಬಿಟ್ಟಿ ನೋಡಿ ನಗುತ್ತಿದ್ದ. ಒಳಗೆ ಹೋಗಿ ಕೊಳ್ಳುತ್ತಿದ್ದವರು ಶ್ರೀಮಂತರು, ಪಾರ್ಲಿಮೆಂಟಿನ ಸದಸ್ಯರು. ಮೇಲೆ ಹೇಳಿದೆನಲ್ಲ, ಫೋರ್ಕಿನಲ್ಲಿ ಹಲ್ಲು ಕೆದಕುವ ಯುವರಾಜ, ಅವನೂ ಗಿಲ್‌ರೇಯ ಗಿರಾಕಿ. ಸಂಜೆ ಪಾರ್ಟಿ ಇದ್ದರೆ ಚಿತ್ರಗಳ ಕಟ್ಟನ್ನು ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ಕೊಡುವ ಅಂಗಡಿಗಳೂ ಇದ್ದವು.

ಜಾರ್ಜ್ ಕ್ಯಾನಿಂಗ್ ಅಂತ ಒಬ್ಬ ಯುವ ರಾಜಕಾರಣಿ. ಗಿಲ್‌ರೇಯ ಚಿತ್ರದಲ್ಲಿ ತನ್ನ ಮುಖ ಬರಲಿ ಅಂತ ಸ್ನೇಹಿತರ ಮೂಲಕ ಹೇಳಿ ಕಳಿಸಿ ಕಾದ. ಬೈಸಿಕೊಂಡರೇನೇ ದೊಡ್ಡ ಮನುಷ್ಯ ಅಂತ ಲೆಕ್ಕ! ಕೊನೆಗೆ 1796ರ ಅಕ್ಟೋಬರಿನಲ್ಲಿ ಫ್ರೆಂಚರು ಲಂಡನ್ನಿಗೆ ನುಗ್ಗಿದರೆ ಏನಾಗುತ್ತದೆ ಅನ್ನುವ ಚಿತ್ರ ಬಂತು. ಅದರಲ್ಲಿ ಗಿಲ್‌ರೇ ಕ್ಯಾನಿಂಗನನ್ನು ದೀಪದ ಕಂಬಕ್ಕೆ ನೇತುಹಾಕಿದ್ದ. ಅಷ್ಟರಿಂದಲೇ ಅವನ ಆಸೆ ತೀರಿತು. ಮರುವರ್ಷ ಇದೇ ಕ್ಯಾನಿಂಗನ ಕಡೆಯಿಂದ ಗಿಲ್‌ರೇಗೆ ವರ್ಷಕ್ಕೆ 200 ಪೌಂಡ್ ಪಿಂಚಣಿ ಸಿಕ್ಕಿತು. ಗೆರೆ ಮೊನಚಾಗಿಯೇ ಇತ್ತು. ಚುಚ್ಚುವ ದಿಕ್ಕು ಮಾತ್ರ ಬದಲಾಗಿತ್ತು.

ಅದಕ್ಕೂ ಮೊದಲೇನು ಅವನು ಸತ್ಯಹರಿಶ್ಚಂದ್ರ ಅಲ್ಲ. 1786ರಲ್ಲಿ, ಬಂಗಾಳದಲ್ಲಿ ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸನನ್ನು ಬರ್ಕ್ ಮತ್ತು ಅವನ ಗೆಳೆಯರು ದರೋಡೆಕೋರರ ಹಾಗೆ ಮುತ್ತಿಕೊಂಡಂತೆ ಬರೆದ. 1788ರಲ್ಲಿ ಅದೇ ಹೇಸ್ಟಿಂಗ್ಸ್ ಇನ್ನೊಬ್ಬನ ಹೆಗಲೇರಿ, ದುಡ್ಡಿನ ಚೀಲ ಹಿಡಿದು, ಭಾರತೀಯರ ಹೆಣ ತೇಲುವ ರಕ್ತದ ಹೊಳೆ ದಾಟುತ್ತಿದ್ದಾನೆ. ಎರಡನ್ನೂ ಕೊರೆದದ್ದು ಒಂದೇ ಸೂಜಿ. ಎರಡನೆಯದನ್ನು ನೋಡಿದಾಗ ನನಗೆ ಮೈ ನಡುಗಿತ್ತು. ಮೊದಲನೆಯದನ್ನು ಕಂಡ ಮೇಲೆ ಆ ನಡುಕವನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ನಾನೂ ಇದರಲ್ಲಿ ಬಿದ್ದವನೇ. ನಿನ್ನ ವಯಸ್ಸಿನಲ್ಲಿ ಒಂದು ವಾರಪತ್ರಿಕೆಗೆ ಅಂಕಣ ಬರೆಯುತ್ತಿದ್ದೆ. ನಮ್ಮ ಕಡೆಯ ಒಬ್ಬ ಪುಢಾರಿಯನ್ನು ಝಾಡಿಸಿ ಬರೆದೆ. ಮನೆ ಮುಂದೆ ಗಲಾಟೆ ಆಗಬಹುದು ಅಂತ ಎರಡು ದಿನ ಕಾದೆ. ಮೂರನೇ ದಿನ ಅವರೇ ಫೋನ್ ಮಾಡಿದರು. ‘ಬಾಳಾ ಚೆನ್ನಾಗಿ ಬರ್ದಿದೀರ್ರೀ, ಐವತ್ತು ಕಾಪಿ ತರಿಸಿದೀನಿ’ ಅಂದರು. ಅವತ್ತು ರಾತ್ರಿ ಊಟ ಸೇರಲಿಲ್ಲ. ಲೇಖನ ತೆಗೆದು ನೋಡಿದರೆ ಅದರ ತುಂಬಾ ಬೈಗುಳ, ಒಂದೂ ಕತ್ತರಿ ಇಲ್ಲ.

ಒಂದು ವಿಷಯಕ್ಕೆ ಮಾತ್ರ ಈ ಚಿತ್ರಕಾರರಿಗೆ ಕೈ ಮುಗಿಯಬೇಕು. ಹೆಚ್ಚಿನ ಚಿತ್ರಗಳ ಕೆಳಗೆ ಸಣ್ಣಕ್ಷರದಲ್ಲಿ ತಾರೀಖು, ಅಂಗಡಿಯ ವಿಳಾಸ ಇರುತ್ತದೆ. ಅದು ಇವರಿಗಿಂತ ಹಿಂದಿನ ಚಿತ್ರಕಾರ ವಿಲಿಯಂ ಹೋಗಾರ್ತ್ ಮಾಡಿದ ಪುಣ್ಯ. ತನ್ನ ಚಿತ್ರಗಳನ್ನು ಕದ್ದು ಅಚ್ಚು ಹಾಕುವವರ ಕಾಟ ತಾಳಲಾರದೆ ಅವನು, ಇನ್ನು ಕೆಲವರು ಸೇರಿ 1735ರಲ್ಲಿ ಕಾನೂನು ತರಿಸಿದರು. ತಾರೀಖು ಕೊರೆದರೆ 14 ವರ್ಷ ಹಕ್ಕು. ಆ ಕಾನೂನು ಜಾರಿಗೆ ಬರುವವರೆಗೆ ಅವನು ತನ್ನ ಹೊಸ ಚಿತ್ರಮಾಲೆಯನ್ನೇ ಹೊರಗೆ ಬಿಡದೆ ಕಾದ. ಹಾಗಾಗಿ ಯಾವ ಚಿತ್ರ ಯಾವ ದಿನದ್ದು ಅಂತ ನಮಗೆ ಇವತ್ತಿಗೂ ಗೊತ್ತಾಗುತ್ತದೆ. ನಿನ್ನ ಲೇಖನ ‘ಎಲ್ಲ ಕಾಲಕ್ಕೂ ಸಲ್ಲುವ’ ಹಾಗೆ ಇರಬೇಕು ಅಂದೆಯಲ್ಲ, ಆ ಗೊಡವೆ ಬಿಡು. ಯಾವ ಮಂಗಳವಾರ, ಯಾವ ರಸ್ತೆ, ಟೇಪು ಯಾವ ಬಣ್ಣ, ಅದನ್ನು ಬರಿ. ಈ ಚಿತ್ರಗಳಲ್ಲೂ ಎಷ್ಟೋ ಇವತ್ತು ಅರ್ಥವಾಗುವುದಿಲ್ಲ, ಸತ್ತುಹೋಗಿವೆ. ಉಳಿದಿರುವವೂ ಒಂದು ದಿನಕ್ಕೆ ಅಂತಲೇ ಮಾಡಿದವು.

ನಮ್ಮ ಕಡೆಯದೂ ಒಂದಿದೆ ಗೊತ್ತಾ? 1791ರ ಮೇ ತಿಂಗಳು. ಆಗಿನ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ಅರಕೆರೆ ಹತ್ತಿರ ಕಾದಾಡಿದ. ಅಷ್ಟರಲ್ಲಿ ಮಳೆ, ಹಸಿವು. ಗಾಡಿ ಎಳೆಯುವ ಎತ್ತುಗಳು ಸತ್ತವು. ಕೋಟೆ ಒಡೆಯಲು ತಂದ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಬೆಂಗಳೂರಿನ ಕಡೆ ತಿರುಗಿದ. ಸುದ್ದಿ ಹಡಗಿನಲ್ಲಿ ಹೋಗಬೇಕಲ್ಲ. ಗಿಲ್‌ರೇಯ ಚಿತ್ರ ಬಂದದ್ದು ಡಿಸೆಂಬರ್ 6ಕ್ಕೆ. ಹೆಸರು ‘ಮುಂಗಾರಿನ ಆಗಮನ, ಅಥವಾ ಶ್ರೀರಂಗಪಟ್ಟಣದಿಂದ ಕಾಲ್ತೆಗೆದದ್ದು’. ಕೋಟೆ ಗೋಡೆಯ ಮೇಲೆ ಟಿಪ್ಪು ನಿಂತಿದ್ದಾನೆ. ಕೆಳಗೆ ಕಾಲಿಗೆ ಬುದ್ಧಿ ಹೇಳುತ್ತಿರುವ ಕಾರ್ನ್‌ವಾಲಿಸ್. ಮುಂಗಾರು ಎಲ್ಲಿಂದ ಸುರಿಯುತ್ತಿದೆ ಅಂದರೆ, ಟಿಪ್ಪು ಮೇಲಿಂದ ಉಚ್ಚೆ ಹೊಯ್ಯುತ್ತಿದ್ದಾನೆ.

ಮೊದಲ ಸಲ ನೋಡಿದಾಗ ಜೋರಾಗಿ ನಕ್ಕೆ. ಆಮೇಲೆ ಸ್ವಲ್ಪ ಹಿಂಸೆಯಾಯಿತು. ಗಿಲ್‌ರೇ ಟಿಪ್ಪುವನ್ನು ಕಂಡವನಲ್ಲ, ಈ ದೇಶಕ್ಕೆ ಬಂದವನೂ ಅಲ್ಲ. ಕಾರ್ನ್‌ವಾಲಿಸನ ಮರ್ಯಾದೆ ತೆಗೆಯಲು ಒಂದು ಪೇಟ ಕಟ್ಟಿದ ಆಕಾರ ಬೇಕಿತ್ತು, ಅಷ್ಟೇ. ಆ ಮಳೆಯಲ್ಲಿ ನೆಂದ ನಮ್ಮ ರೈತರಾಗಲಿ, ಸತ್ತ ಎತ್ತಿನ ಯಜಮಾನನಾಗಲಿ ಆ ಹಾಳೆಯಲ್ಲಿ ಎಲ್ಲಿರಬೇಕು? ಅದು ಲಂಡನ್ನಿನವರು ಲಂಡನ್ನಿನವರಿಗೆ ಹೇಳಿದ ಜೋಕು. ಮರುವರ್ಷ ಫೆಬ್ರವರಿಗೆ ಕಾರ್ನ್‌ವಾಲಿಸ್ ತಿರುಗಿ ಬಂದ. ಅರ್ಧ ರಾಜ್ಯ ಹೋಯಿತು, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಳಾಗಿ ಹೋದರು.

ನಿನ್ನ ಹಸ್ತಪ್ರತಿಯನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ಮೊದಲ ಎರಡು ಪುಟಕ್ಕೆ ಅಡ್ಡಗೆರೆ ಎಳೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಕತ್ತರಿಯಿಂದ ಶುರು ಮಾಡಿ ಮತ್ತೆ ಬರಿ. ಕತ್ತರಿ ಯಾರದು, ಪಂಚಾಯ್ತಿಯದೋ, ಪಕ್ಕದ ಟೈಲರ್ ಅಂಗಡಿಯಿಂದ ಕೇಳಿ ತಂದದ್ದೋ, ವಿಚಾರಿಸು. ಟೈಲರದಾದರೆ ಅವನ ಹತ್ತಿರವೂ ಹೋಗಿ ಮಾತಾಡು.

ಬರೆದಾದ ಮೇಲೆ ಮೈಸೂರಿಗೆ ಬಾ. ಬೆಳಿಗ್ಗೆ ತಿಂಡಿ ಮುಗಿಸಿ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿಬರೋಣ, ಗಿಲ್‌ರೇ ನೋಡದ ಗೋಡೆಯನ್ನು ನಾವಾದರೂ ನೋಡೋಣ. ಆದಷ್ಟು ಮುಂಗಾರಿಗೆ ಮುಂಚೆಯೇ ಬಂದುಬಿಡು. ಗೋಡೆಯ ಕೆಳಗೆ ಮಾತ್ರ ನಿಲ್ಲುವುದು ಬೇಡ.

ಪ್ರೀತಿಯಿಂದ,
ನಿನ್ನ ಅಣ್ಣ