ಕಡಲು ಏರಿತು ಅಂತ ಬರೆಯುವಾಗ ಯಾವುದರಿಂದ ಅಳೆದದ್ದು ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ಇಂಥ ಇಸವಿಗೆ ಮಂಗಳೂರು ಮುಳುಗುತ್ತದೆ ಅನ್ನೋ ತಲೆಬರಹ ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ಕಡಲು ಏರುತ್ತಿರೋದು ಸುಳ್ಳು ಅಂತ ನಾನು ಹೇಳುತ್ತಿಲ್ಲ, ಅದು ನಿಜವೇ. ಆದರೆ ಯಾವುದಕ್ಕೆ ಹೋಲಿಸಿ ಏರಿದೆ ಅಂತ ಒಂದು ಸಾಲಾದರೂ ಬೇಕಲ್ವಾ?

ಬಂದರುಗಳಲ್ಲಿ ಕಡಲಿನ ಮಟ್ಟ ಅಳೆಯೋ ಟೈಡ್ ಗೇಜ್ ಇರುತ್ತದೆ. ಹಳೇ ಕಾಲದ್ದು ಅಂದರೆ ನೀರಿಗೆ ಇಳಿಸಿದ ಒಂದು ಕೊಳವೆ, ಅದರ ತಳದಲ್ಲಿ ಸಣ್ಣ ತೂತು, ಒಳಗೊಂದು ತೇಲುವ ಬುರುಡೆ. ತೂತು ಸಣ್ಣದಾದ್ದರಿಂದ ಅಲೆಗಳ ಕುಣಿತ ಒಳಗೆ ಬರುವುದಿಲ್ಲ, ನಿಧಾನವಾದ ಉಬ್ಬರ ಇಳಿತ ಮಾತ್ರ ದಾಖಲಾಗುತ್ತದೆ. ಮುಂಬೈಯಲ್ಲಿ 1878ರಿಂದಲೇ ಇಂಥ ದಾಖಲೆ ಇದೆ. ತೊಂದರೆ ಏನೆಂದರೆ, ಗೇಜ್ ನಿಂತಿರೋದು ನೆಲದ ಮೇಲೆ. ನೆಲ ಕುಸಿದರೆ ಕಡಲು ಸುಮ್ನೆ ಇದ್ದರೂ ಏರಿದ ಹಾಗೆ ತೋರಿಸುತ್ತದೆ. ಜಕಾರ್ತದಲ್ಲಿ ಅಂತರ್ಜಲ ಎತ್ತಿ ಎತ್ತಿ ಆಗಿರೋದು ಬಹುಪಾಲು ಇದೇ. ಸ್ಟಾಕ್‌ಹೋಮ್‌ನದು ಉಲ್ಟಾ ಕಥೆ. ಹಿಮಯುಗದ ಮಂಜಿನ ಭಾರ ಇಳಿದ ಮೇಲೆ ಅಲ್ಲಿನ ನೆಲ ಇವತ್ತಿಗೂ ಮೇಲೇಳುತ್ತಿದೆ, ಗೇಜ್ ನೋಡಿದವರಿಗೆ ಕಡಲೇ ಇಳಿಯುತ್ತಿದೆ!

ಈ ಗೊಂದಲ ಬಿಡಿಸಲು ಉಪಗ್ರಹ ಬೇಕಾಯಿತು. 1992ರಲ್ಲಿ ಹಾರಿದ ಟೋಪೆಕ್ಸ್-ಪೊಸೈಡನ್ ಸುಮಾರು 1336 ಕಿ.ಮೀ. ಎತ್ತರದಿಂದ ನೀರಿನ ಮೇಲೆ ರೇಡಾರ್ ಬಿಟ್ಟು, ಅದು ವಾಪಸ್ ಬರಲು ಹಿಡಿದ ಹೊತ್ತಿನಿಂದ ಕಡಲ ಮಟ್ಟ ಲೆಕ್ಕ ಹಾಕುತ್ತಿತ್ತು. ನಮ್ಮ ಇಸ್ರೋ ಕೂಡ ಫ್ರಾನ್ಸ್ ಜೊತೆ ಸೇರಿ 2013ರಲ್ಲಿ ಸರಳ್ ಉಪಗ್ರಹ ಹಾರಿಸಿತು. ಇಲ್ಲಿ ಅಳತೆ ದಡದ ನೆಲದಿಂದಲ್ಲ, ಭೂಮಿಯ ಕೇಂದ್ರದಿಂದ. ಈ ಲೆಕ್ಕದಲ್ಲಿ 1993ರಿಂದ ಈಚೆಗೆ ಜಗತ್ತಿನ ಸರಾಸರಿ ಏರಿಕೆ ಸುಮಾರು 10 ಸೆಂ.ಮೀ., ವೇಗವೂ ಮೊದಲಿಗಿಂತ ಜಾಸ್ತಿ.

ಇನ್ನು ಮುಂದಿನ ಅಂದಾಜು. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐಪಿಸಿಸಿಯ 2021ರ ವರದಿ ಪ್ರಕಾರ, 1995–2014ರ ಮಟ್ಟಕ್ಕೆ ಹೋಲಿಸಿದರೆ 2100ರ ಹೊತ್ತಿಗೆ ಹೊಗೆ ಚೆನ್ನಾಗಿ ತಗ್ಗಿಸಿದಲ್ಲಿ 32ರಿಂದ 62 ಸೆಂ.ಮೀ., ಮನಸೋ ಇಚ್ಛೆ ಉಗುಳಿದಲ್ಲಿ 63ರಿಂದ 101. ಅಂಟಾರ್ಕ್ಟಿಕಾದ ಮಂಜು ಬೇಗ ಕುಸಿದರೆ ಇದಕ್ಕಿಂತಲೂ ಹೆಚ್ಚಾಗಬಹುದು ಅಂತಲೂ ಅದರಲ್ಲೇ ಇದೆ. ಇಷ್ಟೆಲ್ಲ ಷರತ್ತು ಇದ್ದರೂ ತಲೆಬರಹಕ್ಕೆ ಸಿಗೋದು ಅತಿ ದೊಡ್ಡ ಸಂಖ್ಯೆ ಮಾತ್ರ. ಅದೂ ಜಗತ್ತಿನ ಸರಾಸರಿ, ಮಂಗಳೂರಿನದ್ದಲ್ಲ.

ಕಡಲ್ಕೊರೆತವನ್ನೂ ಇದಕ್ಕೇ ಗಂಟು ಹಾಕುತ್ತಾರೆ. ಉಳ್ಳಾಲದ ದಡ ಕೊರೆದು ಹೋಗುವುದರಲ್ಲಿ ಅಳಿವೆ ಬಾಗಿಲಿಗೆ ಕಟ್ಟಿದ ಬ್ರೇಕ್‌ವಾಟರ್ (ಅಲೆ ತಡೆಯೋ ಕಲ್ಲಿನ ಗೋಡೆ) ಪಾಲೂ ಇದೆ, ಎದುರಿನ ಬೆಂಗ್ರೆ ಕಡೆ ಮರಳು ತುಂಬಿಕೊಂಡಿದ್ದನ್ನು ನೋಡಿದರೆ ಸಾಕು. ಎಲ್ಲಾ ಹವಾಮಾನದ ತಲೆಗೆ ಕಟ್ಟಿದರೆ ಕಲ್ಲು ಸುರಿಯುವ ಟೆಂಡರ್ ಬಗ್ಗೆ ಯಾರೂ ಕೇಳೋದಿಲ್ಲ ನೋಡಿ.

ಪಣಂಬೂರು, ಕಾರವಾರದ ಗೇಜ್‌ಗಳ ಪಕ್ಕದ ನೆಲ ಏಳುತ್ತಿದೆಯೋ ಕುಸಿಯುತ್ತಿದೆಯೋ ಅಂತ ಜಿಪಿಎಸ್ ಇಟ್ಟು ಅಳೆಯುತ್ತಿದ್ದಾರಾ? ನಿಮ್ಮ ವರದಿಗಾರರು ಅದನ್ನೊಂದು ಕೇಳಿ ಬರೆಯಲಿ.

– ಒಬ್ಬ ಓದುಗ, ಸುರತ್ಕಲ್