ಬೆಳಕು ತಗ್ಗಿಸುವ ಬೋರ್ಡನ್ನು ಮಕ್ಕಳೇ ರೂಪಿಸಲಿ

ಮಾನ್ಯ ಸಂಪಾದಕರೇ,

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ವೃತ್ತಿ ಪರಿಚಯ ಮೇಳಗಳಿಗೆ ತರುವ ಎಲ್‌ಇಡಿ ದೀಪಗಳೊಳಗಿನ ಸರ್ಕ್ಯೂಟ್ ಬೋರ್ಡು ಹೆಚ್ಚಾಗಿ ಅಂಗಡಿಯಿಂದ ಕೊಂಡದ್ದಾಗಿರುತ್ತದೆ. 12 ವೋಲ್ಟಿನ ಎಲ್‌ಇಡಿ ಪಟ್ಟಿಯ ಬೆಳಕನ್ನು ಬೇಕಾದಷ್ಟು ತಗ್ಗಿಸುವ ಸಣ್ಣ ಬೋರ್ಡೊಂದನ್ನು ಹೈಸ್ಕೂಲಿನ ಮಕ್ಕಳು ತಾವೇ ರೂಪಿಸಬಲ್ಲರು. ಅದಕ್ಕೆ ಶಾಲೆಗಳು ಅವಕಾಶ ಮಾಡಿಕೊಡಬೇಕೆಂದು ಕಳಕಳಿಯಿಂದ ಕೋರುತ್ತೇನೆ.

ಇಂಥ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೂರು ಮೂರು ಎಲ್‌ಇಡಿಗಳು ಸರಣಿಯಲ್ಲಿರುವುದರಿಂದ, ವೋಲ್ಟೇಜು ಸುಮಾರು 8ಕ್ಕಿಂತ ಕೆಳಗಿಳಿದರೆ ಅವು ಬಹುತೇಕ ಆರಿಯೇ ಹೋಗುತ್ತವೆ. ಆದ್ದರಿಂದ ವೋಲ್ಟೇಜನ್ನು ಇಳಿಸದೆ, ದೀಪವನ್ನು ಸೆಕೆಂಡಿಗೆ ನೂರಾರು ಬಾರಿ ಹೊತ್ತಿಸಿ ಆರಿಸುತ್ತ, ಹೊತ್ತಿರುವ ಅವಧಿಯನ್ನು ಮಾತ್ರ ಹೆಚ್ಚು ಕಡಿಮೆ ಮಾಡಬೇಕು. 1972ರಲ್ಲಿ ಮಾರುಕಟ್ಟೆಗೆ ಬಂದ, ಕಾಲ ಅಳೆಯುವ ಪುಟ್ಟ ಚಿಪ್ ಆದ 555 ಟೈಮರ್ ಐಸಿ ಈ ಕೆಲಸಕ್ಕೆ ಇಂದಿಗೂ ಸಾಕು. 100 ಕಿಲೋ ಓಮ್‌ನ ಪೊಟೆನ್ಷಿಯೋಮೀಟರ್ (ತಿರುಗಿಸಿ ರೋಧವನ್ನು ಬದಲಿಸುವ ಗುಂಡಿ), ಎರಡು ಡಯೋಡ್, 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿಸಿದರೆ ಸೆಕೆಂಡಿಗೆ ಸುಮಾರು 1400 ಮಿಡಿತಗಳು ಸಿಗುತ್ತವೆ. ಕೆಪಾಸಿಟರ್ 0.1 ಆದರೆ ಮಿಡಿತ 140ಕ್ಕೆ ಇಳಿದು, ಕಣ್ಣು ಸರಿಸಿದಾಗ ಮಿನುಗು ಗೋಚರಿಸುತ್ತದೆ. ಓದುವ ಮೇಜಿನ ದೀಪಕ್ಕೆ ಅದು ಸಲ್ಲದು.

ಆದರೆ ಕಲಿಕೆಯ ಸಾರವಿರುವುದು ಬೋರ್ಡಿನ ಮೇಲೆ ಕರೆಂಟು ಹರಿಯುವ ತಾಮ್ರದ ಹಾದಿಗಳನ್ನು ಎಳೆಯುವುದರಲ್ಲಿ. ದೀಪದ ಕರೆಂಟು 555ರ ಮೂಲಕ ಹಾಯದೆ, ಅದರ ಸೂಚನೆಯಂತೆ ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಮಾಸ್ಫೆಟ್ ಎಂಬ ಟ್ರಾನ್ಸಿಸ್ಟರಿನ ಮೂಲಕ ಹರಿಯುತ್ತದೆ. ಆ ಕರೆಂಟು 1 ಆಂಪಿಯರಿನಷ್ಟಿದ್ದರೆ ಹಾದಿ 2 ಮಿಲಿಮೀಟರ್ ಅಗಲವಿರಲಿ. ಆ ಹಾದಿ 555ರ ನೆಗೆಟಿವ್ ಗೆರೆಯೊಡನೆ ನಡುವೆ ಬೆರೆಯದೆ ನೇರವಾಗಿ ಅಡಾಪ್ಟರಿನ ನೆಗೆಟಿವ್ ತುದಿಗೆ ಮರಳಬೇಕು. ಬೆರೆತರೆ ಪ್ರತಿ ಮಿಡಿತಕ್ಕೂ ಐಸಿಯ ಲೆಕ್ಕ ಕದಡುತ್ತದೆ. ಐಸಿಯ 1 ಮತ್ತು 8ನೇ ಕಾಲುಗಳ ಪಕ್ಕದಲ್ಲೇ, ಅದಕ್ಕೆ ಸಿಗುವ ವೋಲ್ಟೇಜು ಕದಡದಂತೆ, ಬೇರೆಯೇ ಒಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಬೇಕು. ಗ್ರಾಫ್ ಕಾಗದದಲ್ಲಿ ಪೆನ್ಸಿಲಿನಿಂದಲೂ ಉಚಿತವಾಗಿ ಸಿಗುವ ಕೀಕ್ಯಾಡ್ ತಂತ್ರಾಂಶದಿಂದಲೂ ಈ ನಕ್ಷೆ ಬಿಡಿಸಬಹುದು. ನನ್ನ ಅನುಭವದಲ್ಲಿ ಮೊದಲು ಪೆನ್ಸಿಲೇ ಒಳ್ಳೆಯದು.

230 ವೋಲ್ಟಿನ ಮನೆಯ ಲೈನಿಗೆ ಈ ಬೋರ್ಡನ್ನು ಎಂದೂ ಜೋಡಿಸಬಾರದು.

ಹಾದಿಗಳ ನಡುವಿನ ಬೇಡದ ತಾಮ್ರವನ್ನು ಕರಗಿಸಲು ಬಳಸುವ ಫೆರಿಕ್ ಕ್ಲೋರೈಡ್ ದ್ರಾವಣದ ಬಗ್ಗೆ ಅಧ್ಯಾಪಕರು ವಿಶೇಷ ಎಚ್ಚರ ವಹಿಸಬೇಕು. ನಮ್ಮ ಗುಡ್ಡಗಳ ಎಷ್ಟೋ ಮನೆಗಳಿಗೆ ಇಂದಿಗೂ ಗುಡ್ಡ ಕೊರೆದು ಮಾಡಿದ ಸುರಂಗದ ನೀರೇ ಆಧಾರವಾಗಿರುವಾಗ, ತಾಮ್ರ ಬೆರೆತ ದ್ರಾವಣವನ್ನು ಮಣ್ಣಿಗೋ ತೋಡಿಗೋ ಚೆಲ್ಲುವುದು ಅಕ್ಷಮ್ಯ. ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಹಲವು ಬೋರ್ಡುಗಳಿಗೆ ಬಳಸಬಹುದು. ಶಕ್ತಿ ಕುಂದಿದ ಮೇಲೆ ನೀರಿನಲ್ಲಿ ಕದಡಿದ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿದರೆ ತಾಮ್ರ ಮಡ್ಡಿಯಾಗಿ ತಳಕ್ಕಿಳಿಯುತ್ತದೆ; ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಅಡಿಕೆ ಕೃಷಿಕರಿಗೆ ಮೈಲುತುತ್ತು ಮತ್ತು ಸುಣ್ಣದ ಈ ಗುಣ ಪರಿಚಿತವೇ. ಆ ಮಡ್ಡಿಯನ್ನು ಮುಚ್ಚಿದ ಡಬ್ಬಿಯಲ್ಲಿ ತುಂಬಿ, ಮನೆಮನೆಯ ತ್ಯಾಜ್ಯ ಸಂಗ್ರಹಿಸುವ ಹರಿತ ಕರ್ಮ ಸೇನೆಯವರಲ್ಲಿ ವಿಚಾರಿಸಿ ವಿಲೇವಾರಿ ಮಾಡಬೇಕು.

ಮೇಳಗಳ ತೀರ್ಪುಗಾರರು ದೀಪದ ಅಂದವನ್ನಷ್ಟೇ ನೋಡದೆ ಬೋರ್ಡನ್ನು ಮಗುಚಿ ಹಿಡಿದು, ಈ ಹಾದಿ ಅಗಲವಾಗಿಯೂ ಆ ಹಾದಿ ಸಪೂರವಾಗಿಯೂ ಇರುವುದೇಕೆ ಎಂದು ಮಗುವನ್ನು ಕೇಳಿ, ಅದರ ಉತ್ತರಕ್ಕೂ ಅಂಕ ನೀಡಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಭೌತಶಾಸ್ತ್ರ ಅಧ್ಯಾಪಕ, ಬದಿಯಡ್ಕ